ಕಟ್ಟಿಸಿದ ಹಲ್ಲು

"ಬೇಡಪ್ಪಾ, ಸಾಕ್ಷಿ ಹೇಳೋಕೆ ಹೋಗಬೇಡ. ಆ ಕ್ಯಾಪ್ಟನ್ ಮಾಟ ಮಾಡಿಸಿ ನಿಮ್ಮೆಲ್ಲರ ಬಾಯಿ ಕಟ್ಟಿಸಿದಾನೆ" ಎಂದಳು ಡ್ರೈವರನ ಹೆಂಡತಿ.

ಹಲ್ಲಿನವನು ನಕ್ಕ. ಅವಳ ಗಂಡನೂ ಅವನೂ ಯುದ್ಧದಲ್ಲಿ ಆ ಕ್ಯಾಪ್ಟನ್ನನ ಕೈಕೆಳಗಿದ್ದವರು. ಯುದ್ಧ ಮುಗಿದ ಮೇಲೆ ಆತ ಕಲಿತದ್ದು ಹಲ್ಲಿನ ಸೆಟ್ಟು ಕಟ್ಟುವ ಕೆಲಸ. ಈ ಊರಿಗೆ ಬಂದು, ಕ್ಯಾಪ್ಟನ್ನನ ಬೀದಿಯಲ್ಲೇ ಅಂಗಡಿ ತೆರೆದು ಇನ್ನೂ ತಿಂಗಳಾಗಿರಲಿಲ್ಲ.

"ಹಲ್ಲು ಕಟ್ಟೋರು ನಾವು ಅತ್ತಿಗೆ. ನಮ್ಮ ಬಾಯಿ ಕಟ್ಟೋಕೆ ಯಾರಿಂದಾಗುತ್ತೆ?"

ಅವಳು ನಗಲಿಲ್ಲ. ಡಬ್ಬಿಯೊಳಗಿಂದ ಹಿಡಿ ಸೊಟ್ಟಗಾದ ಚಮಚವೊಂದನ್ನು ತೆಗೆದಳು. "ಇದು ನಿಮ್ಮಣ್ಣನ ಹಲ್ಲು ಮೀಟಿದ ಚಮಚ. ಸಾಕ್ಷಿ ಹೇಳ್ತೀನಿ ಅಂತ ಹೊರಟರು, ದವಡೆ ಕಚ್ಚಿಕೊಂಡಿತು. ಒಂದು ಗುಟುಕು ನೀರು ಇಳೀಲಿಲ್ಲ, ಹಾಗೇ ಹೋದರು. ಮಾಟ ತೆಗೆಯೋ ಮುದುಕಿ ಹೇಳಿದಳು, ಕಟ್ಟಿಸಿದವನ ಬಾಯಿಂದಲೇ ಆ ಮಾತು ಬಂದರೆ ಮಾತ್ರ ಕಟ್ಟು ಬಿಚ್ಚುತ್ತಂತೆ. ಅವನು ಯಾಕೆ ಹೇಳ್ತಾನೆ?"

"ಅದಕ್ಕೆ ಧನುರ್ವಾಯು ಅಂತಾರೆ. ತುಕ್ಕು ಹಿಡಿದ ಮೊಳೆ ಚುಚ್ಚಿರುತ್ತೆ, ಅಷ್ಟೇ."

ಹೇಳಬೇಕಾದ ಮಾತು ದೊಡ್ಡದೇನಲ್ಲ. ಒಂದು ಗೋದಾಮು. ಒಳಗೆ ಹೆಂಗಸರು, ಮಕ್ಕಳು. ಕ್ಯಾಪ್ಟನ್ ಅಪ್ಪಣೆ ಕೊಟ್ಟ, ಹಲ್ಲಿನವನು ಹೊರಗಿನಿಂದ ಚಿಲಕ ಹಾಕಿದ, ಡ್ರೈವರ್ ಪೆಟ್ರೋಲ್ ಸುರಿದ. ಇಷ್ಟು ವರ್ಷಗಳ ಮೇಲೆ ಸರ್ಕಾರ ವಿಚಾರಣೆಗೆ ಆಯೋಗ ಕೂರಿಸಿತ್ತು.

"ನನ್ನ ಪಾಲಿಂದಲೇ ಶುರು ಮಾಡ್ತೀನಿ ಅತ್ತಿಗೆ. ಆಮೇಲೆ ಅವನು ಉತ್ತರ ಕೊಡಲಿ."

ಬೇಡವೆಂದವಳೇ ನೀರಿನ ಬಾಟಲಿ ತಂದು, ಮುಚ್ಚಳ ಸಡಿಲ ಮಾಡಿ ಅವನ ಕೈಗಿಟ್ಟಳು.

ಆಯೋಗದ ಕೋಣೆಯಲ್ಲಿ ಫಿನಾಯಿಲ್ ವಾಸನೆ. ನ್ಯಾಯಾಧೀಶರು "ಹೇಳಿ" ಎಂದರು.

"ಆ ದಿನ ಗೋದಾಮಿನ..."

ಕಟ್ ಎಂದಿತು ದವಡೆ. ನಾಲಿಗೆಯ ತುದಿ ಹಲ್ಲುಗಳ ನಡುವೆ ಸಿಕ್ಕಿ ತುಂಡಾಯಿತು. ಫಿನಾಯಿಲ್ ವಾಸನೆ ಅಳಿದು, ಮೂಗಿಗೆ ಕೂದಲು ಸುಟ್ಟ ವಾಸನೆ ಬಡಿಯಿತು. ಬಿಡಿಸಲು ಹೆಣಗಿದಷ್ಟೂ ದವಡೆ ಬಿಗಿಯಿತು. ಹಿಂದಿನ ಹಲ್ಲೊಂದು ಬಿರುಕುಬಿಟ್ಟ ಸದ್ದು ತಲೆಯೊಳಗೇ ಕೇಳಿಸಿತು. ಬರೆದು ತೋರಿಸಲು ಪೆನ್ನು ಹಿಡಿದರೆ ಬೆರಳುಗಳೂ ಹಾಗೆಯೇ ಬಿಗಿದವು. ತುಟಿಯ ಸಂದಿಯಿಂದ ರಕ್ತ ಅಂಗಿಯ ಮೇಲೆ ಇಳಿಯಿತು. ಕಾವಲಿನ ಪೊಲೀಸ್ ತನ್ನ ಕರವಸ್ತ್ರ ಕೊಟ್ಟ.

ಅಂಗಡಿಯ ಷಟರ್ ಅರ್ಧ ಎಳೆದ ಕತ್ತಲಲ್ಲಿ ಅವನು ಕೂತ. ಮೇಣದ, ಜಿಪ್ಸಮ್ಮಿನ ವಾಸನೆ. ಎದುರಿನ ಮೇಜಿನ ಮೇಲೆ ಕ್ಯಾಪ್ಟನ್ನನ ಬಾಯಿಯ ಅಚ್ಚು. ಹಿಂದಿನ ವಾರ ಬಂದು ಅಳತೆ ಕೊಟ್ಟುಹೋಗಿದ್ದ. ತನ್ನ ಸಿಪಾಯಿಯ ಗುರುತು ಅವನಿಗೆ ಸಿಕ್ಕಿರಲಿಲ್ಲ. "ಹಲ್ಲು ಗಟ್ಟಿಯಾಗಿರಲಿ ಮಾರಾಯ. ಆಯೋಗದ ಮುಂದೆ ಮಾತು ತೊದಲಬಾರದು" ಎಂದಿದ್ದ.

ಕಟ್ಟಿಸಿದವನ ಬಾಯಿಂದಲೇ.

ಹಲ್ಲಿನವನು ಇಕ್ಕಳ ಎತ್ತಿಕೊಂಡ.

ಹುಡುಕಿಕೊಂಡು ಬಂದ ಅತ್ತಿಗೆ ಬಾಗಿಲಲ್ಲೇ ನಿಂತಳು. ಅಚ್ಚು ನೋಡಿದಳು, ಇಕ್ಕಳ ನೋಡಿದಳು. ಒಳಬಂದು ಅವನ ಹಿಂದೆ ನಿಂತು, ತಲೆಯನ್ನು ತನ್ನ ಎದೆಗೆ ಒತ್ತಿ ಹಿಡಿದಳು.

ಅವನ ಬಾಯಿಯ ಮೊದಲ ಹಲ್ಲು ಬೇರುಸಮೇತ ಬಂತು. ಎರಡನೆಯದು ಮುರಿಯಿತು, ಬೇರಿಗಾಗಿ ಒಸಡು ಸೀಳಿದ. ಕೋರೆಹಲ್ಲು ಅಲುಗಲಿಲ್ಲ. ಎಳೆದ. ತಿರುಚಿದ. ಮೂಳೆ ಕರಕರ ಅಂದಿತು. ಬಿಸಿ ರಕ್ತ ಗಂಟಲಿಗಿಳಿಯಿತು. ನಿಲ್ಲಿಸಲಿಲ್ಲ. ಎಳೆದ.

ಗುಲಾಬಿ ಒಸಡಿನ ಸೆಟ್ಟಿಗೆ ಆ ಹಲ್ಲುಗಳನ್ನು ಒಂದೊಂದಾಗಿ ಕೂರಿಸಿ ಹೊಳಪು ಕೊಟ್ಟ. ಸೆಟ್ಟಿನ ಡಬ್ಬಿಯನ್ನು ಕ್ಯಾಪ್ಟನ್ನನ ಮನೆಗೆ ಮುಟ್ಟಿಸಿದವಳು ಅತ್ತಿಗೆ.

ಸಾಕ್ಷಿಕಟ್ಟೆಯಲ್ಲಿ ಕ್ಯಾಪ್ಟನ್ ಹೊಸ ಹಲ್ಲು ತೋರಿಸಿ ಮುಗುಳ್ನಕ್ಕ. "ಸ್ವಾಮಿ, ಆ ಗೋದಾಮಿನ ವಿಷಯ ನನಗೆ..."

ಧ್ವನಿ ಬದಲಾಯಿತು. ಹಿಂದಿನ ಬೆಂಚಿನಲ್ಲಿ ಬಾಯಿಗೆ ಬಟ್ಟೆ ಒತ್ತಿಕೊಂಡು ಕೂತಿದ್ದ ಹಲ್ಲಿನವನು ಬೆಚ್ಚಿದ. ಅದು ಅವನದೇ ಧ್ವನಿ.

"ಚಿಲಕ ಹಾಕಿದವನು ನಾನು. ಹಾಕು ಅಂದದ್ದು ಈ ಬಾಯಿ. ಬೆಂಕಿ ಹಚ್ಚು ಅಂದದ್ದು ಈ ಬಾಯಿ."

ಕ್ಯಾಪ್ಟನ್ ಸೆಟ್ಟು ಕೀಳಲು ಬೆರಳು ಹಾಕಿದ. ಹಲ್ಲು ಕಚ್ಚಿತು. ಬೆರಳು ಕಟಕಟನೆ ತುಂಡಾಗಿ ನೆಲಕ್ಕೆ ಬಿತ್ತು. ಕಿರುಚಲು ನೋಡಿದ. ಕೂಗು ಬರಲಿಲ್ಲ. ಮಾತು ಬಂತು. ರಕ್ತ ಬಂತು. ಮತ್ತೆ ಮಾತು ಬಂತು. ಯಾರು ಎಲ್ಲಿ ನಿಂತಿದ್ದರು, ಯಾವ ಕಿಟಕಿಯಿಂದ ಯಾವ ಕೈ ಹೊರಚಾಚಿತು, ಎಲ್ಲವೂ. ದೂರದಲ್ಲಿ ಕೂತಿದ್ದ ಹಲ್ಲಿನವನ ದವಡೆ ತಾನಾಗಿ ಸಡಿಲಿತು.

ಶಿಕ್ಷೆ ಇಬ್ಬರಿಗೂ ಆಯಿತು. ಜೈಲೂ ಒಂದೇ.

ಭೇಟಿಯ ದಿನ ಅತ್ತಿಗೆ ಹಾಲಿನಲ್ಲಿ ಬ್ರೆಡ್ ನೆನೆಸಿ ತಂದಳು. ಅದೇ ಸೊಟ್ಟ ಚಮಚ.

"ಬಾಯಿ ತೆಗಿಯಪ್ಪಾ."

ಬಾಯಿ ಸಲೀಸಾಗಿ ತೆರೆಯಿತು. ಧ್ವನಿ ಮಾತ್ರ ಇರಲಿಲ್ಲ. ಅದು ಗೋಡೆಯಾಚೆ ಕ್ಯಾಪ್ಟನ್ನನ ಬಾಯಲ್ಲಿ, ಹಗಲೂ ರಾತ್ರಿ ಬಿಡುವಿಲ್ಲದೆ, ಗೊಗ್ಗರಾಗಿ ನಡೆದೇ ಇತ್ತು. "ಒಳಗೆ ಮಗು ಅಳ್ತಿತ್ತು. ಕೇಳಿಸ್ತಿತ್ತು. ಚಿಲಕ ನನ್ನ ಕೈಯಲ್ಲಿತ್ತು."

ಅತ್ತಿಗೆ ಚಮಚ ಕೆಳಗಿಟ್ಟು, ತನ್ನ ಅಂಗೈಗಳಿಂದ ಅವನ ಕಿವಿ ಮುಚ್ಚಿದಳು.

ಅವನು ಆ ಕೈಗಳನ್ನು ಮೆಲ್ಲಗೆ ಸರಿಸಿ, ಗೋಡೆಯ ಕಡೆ ತಿರುಗಿ ಕೂತ.