ಕತ್ತಲ ನಾಟಕಕ್ಕೆ ಇಪ್ಪತ್ತೆರಡು ಟಿಕೆಟ್

"ಬೇಡ," ಎಂದ ಎವಾರಿಸ್ತೊ. ಅದು ಮೂರನೆಯ ಸಲ.

ಅಸೂಲ್ ಊರಿನ ಗ್ರಂಥಾಲಯದ ಹಿಂದಿನ ಕೋಣೆಯಲ್ಲಿ, ಗ್ಯಾಸ್ ಹೀಟರಿನ ಸುತ್ತ ಕುಳಿತಿದ್ದವರೆಲ್ಲ ಸೆಲೀನಾಳ ಕಡೆ ತಿರುಗಿದರು. ಪ್ರತಿ ವರ್ಷ ಜುಲೈ ತಿಂಗಳ ಚಳಿಗಾಲದ ರಜೆಗೆ ಗ್ರಂಥಾಲಯದ ಬಳಗ ಬಸ್ಸು ಮಾಡಿಕೊಂಡು ಬ್ಯೂನಸ್ ಐರಿಸ್‌ಗೆ ಹೋಗುತ್ತದೆ. ಮೂರು ದಿನ, ಮೂರು ನಾಟಕ. ನಾಟಕ ಆರಿಸುವುದು, ಮುಂಚಿತವಾಗಿ ಹೋಗಿ ಟಿಕೆಟ್ ತರುವುದು ಮೂರು ವರ್ಷದಿಂದ ಇಬ್ಬರ ಕೆಲಸ. ಹೈಸ್ಕೂಲಿನಲ್ಲಿ ಸಾಹಿತ್ಯ ಕಲಿಸುವ ಸೆಲೀನಾಳದು, ಹಾರ್ಡ್‌ವೇರ್ ಅಂಗಡಿಯ ಎವಾರಿಸ್ತೊನದು. ಇಬ್ಬರಿಗೂ ನಲವತ್ತು ದಾಟಿತ್ತು, ಇಬ್ಬರೂ ಒಂಟಿ. ಊರು ಮಾತಾಡಿಕೊಳ್ಳುವಷ್ಟು ಒಟ್ಟಿಗೆ ಓಡಾಡಿದ್ದರು. ಮಾತಾಡಿಕೊಳ್ಳುವಂಥದ್ದು ಏನೂ ನಡೆದಿರಲಿಲ್ಲ.

ಶುಕ್ರವಾರಕ್ಕೆ ಹಾಡು ಕುಣಿತದ 'ಲಾಂಡ್ರಿಯ ರಾಣಿ', ಶನಿವಾರಕ್ಕೆ ನಗೆನಾಟಕ 'ಮೂವರು ಅಳಿಯಂದಿರು' ಎಂದು ಒಪ್ಪಿಗೆಯಾಗಿತ್ತು. ಜಗಳ ಭಾನುವಾರದ್ದು. ಸೆಲೀನಾಳಿಗೆ 'ಉಪ್ಪಿನ ಹಡಗು' ಬೇಕಿತ್ತು. ಮೊದಲಿಂದ ಕೊನೆಯವರೆಗೆ ಗವ್ವೆನ್ನುವ ಕತ್ತಲಲ್ಲಿ ಆಡುವ ನಾಟಕ. ದನಿ, ಅಲೆಯ ಸದ್ದು, ಉಪ್ಪುಗಾಳಿಯ ವಾಸನೆ, ಅಷ್ಟೇ.

"ಬೇಡ ಅಂದ್ರೆ ಆಯ್ತಾ? ಕಾರಣ ಹೇಳು."

ಎವಾರಿಸ್ತೊ ಎಂದಿನಂತೆ ಅವಳ ತುಟಿಗಳನ್ನೇ ನೋಡುತ್ತಿದ್ದ. ಅವನಿಗೆ ಆ ಅಭ್ಯಾಸವಿತ್ತು. ಅವಳು ಮಾತಾಡುವಾಗ ಅವನ ಕಣ್ಣು ಅವಳ ಬಾಯಿಯ ಮೇಲೆ ಬಂದು ಕೂರುತ್ತಿತ್ತು. ಮೂರು ವರ್ಷದಿಂದ ಸೆಲೀನಾ ಆ ನೋಟಕ್ಕಾಗಿಯೇ ಸಭೆಗೆ ಬರುವ ಮುನ್ನ ಕನ್ನಡಿಯೆದುರು ಎರಡು ನಿಮಿಷ ಹೆಚ್ಚು ನಿಲ್ಲುತ್ತಿದ್ದಳು.

"ಕತ್ತಲಲ್ಲಿ ಕೂರೋಕೆ ಅಷ್ಟು ದೂರ ಯಾಕೆ ಹೋಗ್ಬೇಕು?" ಎಂದ. "ಮನೇಲೇ ಸ್ವಿಚ್ ಆರಿಸಿದ್ರಾಯ್ತು."

ಎಲ್ಲರೂ ನಕ್ಕರು. ಮೂಲೆಯ ಕುರ್ಚಿಯಲ್ಲಿದ್ದ ದೋನ್ಯಾ ಎರ್ಮಿನಿಯಾ ಕೂಡ ನಕ್ಕರು. ಎಂಬತ್ತೊಂದರ ಅಜ್ಜಿ. ಕಣ್ಣು ಮಂಜಾಗುತ್ತ ಬಂದು ಈಗ ಬೆಳಕು ಯಾವ ಕಡೆಗಿದೆ ಎಂಬುದಷ್ಟೇ ತಿಳಿಯುತ್ತಿತ್ತು. ಆದರೂ ಪ್ರತಿ ವರ್ಷ ಲಿಪ್‌ಸ್ಟಿಕ್ ಹಚ್ಚಿಕೊಂಡು ಬಸ್ಸು ಹತ್ತುತ್ತಿದ್ದರು. ಪಕ್ಕದಲ್ಲಿ ಕೂತವರು "ಈಗ ಬಾಗಿಲು ತೆಗೆದ, ಈಗ ಅವಳು ಅಳ್ತಿದಾಳೆ" ಎಂದು ಪಿಸುಗುಡಬೇಕು; ಮುಂದಿನ ಸಾಲಿನವರು "ಶ್!" ಎಂದು ತಿರುಗಬೇಕು, ಅಜ್ಜಿ ಕ್ಷಮೆ ಕೇಳಬೇಕು.

ಇದನ್ನೆಲ್ಲ ಸೆಲೀನಾ ಹಿಂದಿನ ದಿನವೇ ಎವಾರಿಸ್ತೊನಿಗೆ ಮೂರು ನಿಮಿಷದ ಆಡಿಯೊ ಮಾಡಿ ಕಳಿಸಿದ್ದಳು. ಈ ಒಂದು ನಾಟಕದಲ್ಲಿ ಅಜ್ಜಿ ಯಾರಿಗೂ ಕ್ಷಮೆ ಕೇಳಬೇಕಿಲ್ಲ, ಆದರೆ ಸಭೆಯಲ್ಲಿ ಇದನ್ನು ಎತ್ತಬೇಡ, ಕನಿಕರ ಎಂದರೆ ಅವರಿಗಾಗದು ಎಂದೂ ಹೇಳಿದ್ದಳು. ಅವನಿಂದ ಒಂದೇ ಪದದ ಉತ್ತರ ಬಂದಿತ್ತು: "ಸರಿ."

ಎಲ್ಲ ಗೊತ್ತಿದ್ದೂ ಈಗ ಅಜ್ಜಿಯ ಎದುರಿಗೇ ಕತ್ತಲ ತಮಾಷೆ ಮಾಡುತ್ತಿದ್ದಾನೆ. ಸೆಲೀನಾಳ ಕಿವಿ ಬಿಸಿಯಾಯಿತು.

"ಟಿಕೆಟ್ ತರೋಕೆ ಈ ಶನಿವಾರ ಹೋಗ್ತೀರಲ್ಲ, ಅಲ್ಲೇ ತೀರ್ಮಾನ ಮಾಡ್ಕೊಳ್ಳಿ," ಎಂದರು ಅಧ್ಯಕ್ಷ ಅನ್ಸೆಲ್ಮೊ. "ಒಬ್ಬರನ್ನೊಬ್ಬರು ಕೊಂದ್ಕೊಂಡ್ರೂ ಪರವಾಗಿಲ್ಲ, ಮೂರು ನಾಟಕದ ಟಿಕೆಟ್ ಬರ್ಬೇಕು."

*

ಶನಿವಾರದ ಮೊದಲ ಬಸ್ಸಿನಲ್ಲಿ ನಾಲ್ಕೂವರೆ ಗಂಟೆ ಅಕ್ಕಪಕ್ಕ ಕೂತು ಅವರು ಆಡಿದ್ದು ಎರಡು ಮಾತು. "ತಗೋ," ಎಂದು ಅವನು ಕಾಫಿ ಚಾಚಿದ. "ಬೇಡ," ಎಂದಳು ಅವಳು, ಕಿಟಕಿಯಿಂದ ಮುಖ ತಿರುಗಿಸದೆ.

ಕತ್ತಲ ರಂಗಮಂದಿರದವರು ಇಪ್ಪತ್ತೆರಡು ಸೀಟು ಮಧ್ಯಾಹ್ನ ಎರಡರವರೆಗೆ ಮಾತ್ರ ಕಾದಿರಿಸುತ್ತೇವೆ ಎಂದಿದ್ದರು. ಅದನ್ನು ಆಮೇಲೆ ನೋಡಿಕೊಳ್ಳೋಣವೆಂದು ಮೊದಲು ದೊಡ್ಡ ನಾಟಕಮಂದಿರಗಳ ಕೊರಿಯೆಂತೆಸ್ ರಸ್ತೆಗೆ ಬಂದರು. ಅಳಿಯಂದಿರ ಟಿಕೆಟ್ ಸಲೀಸಾಗಿ ಸಿಕ್ಕಿತು. ರಾಣಿಗೆ ಮಾತ್ರ ಸಾಲು ಪುಸ್ತಕದಂಗಡಿಯ ಬಾಗಿಲು ದಾಟಿ, ಪಿಜ್ಜಾ ಹೋಟೆಲು ದಾಟಿ, ಮೂಲೆ ತಿರುಗಿತ್ತು.

ಮುಕ್ಕಾಲು ಗಂಟೆ ನಿಂತ ಮೇಲೆ, ಮುಂದೆ ಇನ್ನು ನಾಲ್ಕೇ ಜನ ಇರುವಾಗ ಸೆಲೀನಾಳ ಫೋನು ಹೊಡೆದುಕೊಂಡಿತು. ಕತ್ತಲ ರಂಗಮಂದಿರದ ಹೆಂಗಸು. ರಸ್ತೆಯ ಗಲಾಟೆಯಲ್ಲಿ ಒಂದಕ್ಷರ ಕೇಳುತ್ತಿರಲಿಲ್ಲ. ಎವಾರಿಸ್ತೊ ಗೋಡೆಯ ಪೋಸ್ಟರ್ ನೋಡುತ್ತ ಆ ಕಡೆ ತಿರುಗಿದ್ದ.

"ಇಲ್ಲೇ ನಿಂತಿರು, ಫೋನ್ ಮುಗಿಸಿ ಬರ್ತೀನಿ. ಮಧ್ಯದ ಸಾಲು ಕೇಳು," ಎಂದು ಅವನ ಬೆನ್ನಿಗೆ ಹೇಳಿ ಓಡಿದಳು.

ಎರಡು ಗಂಟೆ ದಾಟಿದರೆ ಸೀಟು ಬೇರೆಯವರಿಗೆ ಎಂಬ ಎಚ್ಚರಿಕೆ ಕೇಳಿಸಿಕೊಂಡು ಐದು ನಿಮಿಷಕ್ಕೆ ಬಂದಾಗ ಅವನಿರಲಿಲ್ಲ.

"ನಿಮ್ಮೋರಾ?" ಎಂದ ಸಾಲಿನಲ್ಲಿದ್ದ ಮಫ್ಲರಿನವನು. "ಅತ್ತಿತ್ತ ನೋಡಿದ್ರು, ಗಾಬರಿ ಬಿದ್ದು ಆ ಕಡೆ ಓಡಿದ್ರು. ನಾವೇನ್ಮಾಡೋಣ, ಸಾಲು ಮುಂದೆ ಹೋಯ್ತು."

ಬೇಡಿಕೊಂಡು ಮತ್ತೆ ಕಿಂಡಿಗೆ ಬರುವಷ್ಟರಲ್ಲಿ ಕೆಳಗಿನ ಸೀಟೆಲ್ಲ ಖಾಲಿ. ಇಪ್ಪತ್ತೆರಡು ಒಟ್ಟಿಗೆ ಬೇಕೆಂದರೆ ಮೂರನೆಯ ಬಾಲ್ಕನಿಯ ಕೊನೆಯ ಸಾಲುಗಳು. "ಲಿಫ್ಟ್ ಇದೆ," ಎಂದ ಕಿಂಡಿಯವನು, ಸಮಾಧಾನದಂತೆ. ಬೇರೆ ದಾರಿಯಿರಲಿಲ್ಲ. ತೆಗೆದುಕೊಂಡಳು.

ಎವಾರಿಸ್ತೊ ಬೆವರಿಕೊಂಡು ಬಂದ. "ಎಲ್ಲಿ ಹೋಗಿದ್ದೆ ನೀನು? ಎರಡು ಬ್ಲಾಕ್ ಹುಡುಕಿದೆ!"

"ನಾನಾ? ಇಲ್ಲೇ ನಿಂತಿರು ಅಂತ ಒಂದೇ ಒಂದು ಕೆಲಸ ಹೇಳಿದ್ದೆ ನಿಂಗೆ!"

"ಯಾವಾಗ?"

"ಯಾವಾಗ ಅಂತೀಯಲ್ಲ! ನನ್ನ ಮಾತಂದ್ರೆ ಅಷ್ಟು ಸಸಾರ ಆಯ್ತಾ? ಮೂರು ನಿಮಿಷ ಆಡಿಯೊ ಮಾಡಿದ್ರೆ 'ಸರಿ' ಅಂತೀಯ, ಮಾರನೇ ದಿನ ಅವರೆದುರಿಗೇ ಗೇಲಿ ಮಾಡ್ತೀಯ, ಇವತ್ತು..."

"ಸೆಲೀನಾ, ನಿಧಾನ."

"ನಂಗೆ ನಿಧಾನ ಹೇಳ್ಕೊಡ್ಬೇಡ ನೀನು!"

ರಸ್ತೆಯ ಜನ ತಿರುಗಿ ನೋಡಿದರು. ಎವಾರಿಸ್ತೊನ ಮುಖ ಸುಣ್ಣದಂತಾಯಿತು. "ಸಮಾಧಾನ ಮಾಡ್ಕೋ ಅನ್ಲಿಲ್ಲ," ಎಂದ. "ನಿಧಾನಕ್ಕೆ ಮಾತಾಡು ಅಂದೆ. ನಂಗೆ ಕೇಳಿಸಲ್ಲ."

"ಏನು ಕೇಳಿಸಲ್ಲ?"

"ಕಿವಿ. ಕೇಳಿಸಲ್ಲ."

*

ಪಿಜ್ಜಾ ಹೋಟೆಲಿನೊಳಗೆ, ನಿಂತು ತಿನ್ನುವ ಕಟ್ಟೆಯ ಬಳಿ ಅವನು ಎಲ್ಲ ಹೇಳಿದ. ಎಡಗಿವಿ ಪೂರ್ತಿ ಹೋಗಿ ನಾಲ್ಕು ವರ್ಷ. ಬಲಗಿವಿಯೂ ಅದೇ ಹಾದಿ. ಅಮ್ಮನಿಗೂ ಹೀಗೆಯೇ ಆಗಿತ್ತಂತೆ. ಯಂತ್ರವೊಂದನ್ನು ಕೊಂಡು ಡ್ರಾಯರಿನಲ್ಲಿಟ್ಟಿದ್ದ. ಹಾಕಿಕೊಂಡರೆ ಚಮಚದ ಸದ್ದು, ಕುರ್ಚಿಯ ಸದ್ದು ಎಲ್ಲ ಬರುತ್ತದೆ, ಮಾತು ಮಾತ್ರ ಬರುವುದಿಲ್ಲ. ಅಂಗಡಿಯ ಗಲ್ಲಾದಲ್ಲಿ ತಮ್ಮನ ಹೆಂಡತಿಯನ್ನು ಕೂರಿಸಿ ತಾನು ಗೋಡೌನಿಗೆ ಸರಿದಿದ್ದ. ಎವಾರಿಸ್ತೊಗೆ ಈಗ ಕೊಬ್ಬು ಎಂದು ಊರವರು ಅಂದುಕೊಳ್ಳುತ್ತಿದ್ದುದು ಅವನಿಗೆ ಗೊತ್ತಿತ್ತು.

"ಕೊಬ್ಬು ಅಂದ್ರೂ ಅನ್ಲಿ, ಅಯ್ಯೋ ಪಾಪ ಅನ್ನೋದು ಬೇಡ ಅಂತ."

"ಹಾಗಿದ್ರೆ ನನ್ನ ಆಡಿಯೊ?"

"ಆಡಿಯೊದಲ್ಲಿ ಮುಖ ಇರಲ್ವಲ್ಲ. ನೀನು ಏನೇ ಕೇಳಿದ್ರೂ ಸರಿ ಅಂತ ಹಾಗೆ ಬರೆದೆ. ಅದು ಈ ಕತ್ತಲ ನಾಟಕದ ವಿಷಯ ಅಂತ ಗೊತ್ತಿರ್ಲಿಲ್ಲ. ಸಭೇಲಿ ಕೇಳಿ ಎದೆ ಧಸಕ್ಕಂತು. ಬೆಳಕಿದ್ರೆ ತುಟಿ ಓದ್ಕೊಂಡು ಹೇಗೋ ಸಂಭಾಳಿಸ್ತೀನಿ."

ಸೆಲೀನಾ ಪಿಜ್ಜಾ ತುಂಡನ್ನು ಕೆಳಗಿಟ್ಟಳು. ಮೂರು ವರ್ಷ ಅವನು ನೋಡಿದ್ದು ತುಟಿಗಳನ್ನಲ್ಲ, ಪದಗಳನ್ನು. ಅವಳು ತನ್ನಷ್ಟಕ್ಕೆ ಕಟ್ಟಿಕೊಂಡಿದ್ದೆಲ್ಲ ಆ ಹೋಟೆಲಿನ ಗದ್ದಲದಲ್ಲಿ ಸದ್ದಿಲ್ಲದೆ ಕುಸಿಯಿತು. ಅವನ ಮೇಲೆ ಸಿಟ್ಟಾಗುವ ಹಾಗೂ ಇರಲಿಲ್ಲ. ಅವನೇನು ಮಾತು ಕೊಟ್ಟಿದ್ದನೇ?

"ಆಡಿಯೊದಲ್ಲಿ ಏನಿತ್ತು?" ಎಂದು ಕೇಳಿದ.

ಅವಳು ಮುಖವನ್ನು ಬೆಳಕಿಗೆ ತಿರುಗಿಸಿ, ಒಂದೊಂದೇ ಪದವಾಗಿ ಅಜ್ಜಿಯ ವಿಷಯ ಹೇಳಿದಳು. ಕೇಳುತ್ತ ಕೇಳುತ್ತ ಅವನು ಕಣ್ಣು ಮುಚ್ಚಿಕೊಂಡ, ಮಾತು ತಪ್ಪಿಹೋಗುತ್ತದೆಂದು ಹೆದರಿ ಕೂಡಲೇ ತೆರೆದ.

"ನಾನು ಅವರೆದುರಿಗೇ ಸ್ವಿಚ್ಚು ಅಂದೆನಾ? ಥೂ ನನ್ನ!"

"ಬಿಡು. ಬೇರೆ ನಾಟಕ ತಗೊಳ್ಳೋಣ, ಬೆಳಕಿರೋದು."

"ಗಂಟೆ ಎಷ್ಟು?"

"ಒಂದೂವರೆ. ಎವಾರಿಸ್ತೊ, ನಾನು ಹೇಳಿದ್ದು..."

"ಎಷ್ಟು ದೂರ?"

"ಹದಿನಾರು ಬ್ಲಾಕು."

ಅವನು ಆಗಲೇ ಬಾಗಿಲಲ್ಲಿದ್ದ.

*

ಟ್ಯಾಕ್ಸಿ ಸಿಗಲಿಲ್ಲ. ಅರ್ಧ ನಡೆದು ಅರ್ಧ ಓಡಿ ಹೋದರು. ಸಿಗ್ನಲ್ಲಿನಲ್ಲಿ ನಿಂತಾಗಲೆಲ್ಲ ಸೆಲೀನಾ ಏನೋ ಹೇಳಲು ಬಾಯಿ ತೆರೆಯುತ್ತಿದ್ದಳು. ಅವನು ಬೇಕೆಂದೇ ಬೇರೆ ಕಡೆ ನೋಡುತ್ತಿದ್ದ. ಎರಡಕ್ಕೆ ಆರು ನಿಮಿಷವಿರುವಾಗ ಕಿಂಡಿ ಮುಟ್ಟಿದರು. ಗಿಡ್ಡ ನರೆಗೂದಲಿನ ಹೆಂಗಸು ಅವರನ್ನೂ ಗಡಿಯಾರವನ್ನೂ ನೋಡಿದಳು.

"ಅಸೂಲ್ ಗುಂಪು. ಎಷ್ಟು?"

"ಇಪ್ಪತ್ತೆರಡು," ಎಂದಳು ಸೆಲೀನಾ.

"ಇಪ್ಪತ್ತೊಂದು," ಎಂದ ಎವಾರಿಸ್ತೊ.

"ಬೇಗ ಹೇಳ್ರಪ್ಪ. ರೊಸಾರಿಯೊ ಊರಿನೋರು ಕಾಯ್ತಿದಾರೆ, ಅವರಿಗೆ ಎಷ್ಟಾದ್ರೂ ಬೇಕು."

"ಅವರೆಲ್ಲ ಒಳಗಿರ್ಲಿ, ನಾನು ಹೊರಗೆ ಕಾಫಿ ಕುಡೀತೀನಿ," ಎಂದ ಅವನು ಸೆಲೀನಾಳಿಗೆ.

ಅವಳು ಅವನ ತೋಳು ಹಿಡಿದು ತನ್ನ ಕಡೆ ತಿರುಗಿಸಿದಳು. "ನೀನು ಹೊರಗಿದ್ರೆ ನಾನೂ ಹೊರಗೆ. ಆಗ ಇಪ್ಪತ್ತು ಅಂತ ಬರೆಸು. ಅಜ್ಜಿಗೆ ಕಾರಣ ನೀನೇ ಹೇಳು."

ಗಡಿಯಾರದ ಮುಳ್ಳು ಎರಡಕ್ಕೆ ಅಂಟಿಕೊಂಡಿತ್ತು. ಎವಾರಿಸ್ತೊ ಅವಳ ಬಾಯಿಯನ್ನೇ ಇನ್ನಷ್ಟು ಹೊತ್ತು ನೋಡಿದ, ಅಲ್ಲಿ ಇನ್ನೂ ಮಾತು ಉಳಿದಿದೆಯೇನೋ ಎಂಬಂತೆ. ಆಮೇಲೆ ಕಿಂಡಿಗೆ ಬಗ್ಗಿದ.

"ಇಪ್ಪತ್ತೆರಡೇ ಕೊಡಿ. ಮತ್ತೆ... ನಂಗೆ ಕಿವಿ ಕೇಳಿಸಲ್ಲ, ಅಮ್ಮ. ನಾಟಕದ ಪುಸ್ತಕ ಇದ್ರೆ ಮೊದಲೇ ತಿಳ್ಕೊಂಡು ಬಂದು ಕೂತ್ಕೋತೀನಿ."

ಅಪರಿಚಿತರೊಬ್ಬರ ಮುಂದೆ ಅವನು ಅದನ್ನು ಹೇಳಿದ್ದು ಅದೇ ಮೊದಲು. ಕುತ್ತಿಗೆಯವರೆಗೂ ಕೆಂಪಾಗಿದ್ದ. ಹೆಂಗಸು ಅಯ್ಯೋ ಪಾಪ ಎನ್ನಲಿಲ್ಲ. ಡ್ರಾಯರು ಎಳೆದು, ಯಾವ ನಟನದೋ ಗೀಚು ಬರಹ ತುಂಬಿದ್ದ, ಪಿನ್ನು ಹೊಡೆದ ಹಾಳೆಗಳ ಕಟ್ಟೊಂದನ್ನು ಹೊರತೆಗೆದಳು.

"ನಾಟಕದ ಭಾನುವಾರ ವಾಪಸ್ ತನ್ನಿ. ಅಲೆ ಬರುವಾಗ ನೆಲ ಅಲ್ಲಾಡುತ್ತೆ, ಅದು ನಿಮ್ಗೆ ನಮಗಿಂತ ಚೆನ್ನಾಗಿ ಗೊತ್ತಾಗುತ್ತೆ, ನೋಡಿ."

*

ಮೂರು ಗಂಟೆಯ ಬಸ್ಸಿನಲ್ಲಿ ಹಾಳೆ ತೆರೆದ ಎವಾರಿಸ್ತೊ ಜೇಬು ತಡವಿ ಪೆಚ್ಚಾದ. "ಕನ್ನಡಕ ತಂದಿಲ್ಲ."

"ಕಿವಿನೂ ಇಲ್ಲ, ಕಣ್ಣೂ ಇಲ್ಲ. ಒಳ್ಳೇ ಜೋಡಿ ಸಿಕ್ಕಿದೆ ನಂಗೆ," ಎಂದಳು ಸೆಲೀನಾ. ಜೋಡಿ ಎಂದದ್ದು ಬಾಯಿ ಜಾರಿ. ಥಟ್ಟನೆ ಹಾಳೆಗಳನ್ನು ಕಿತ್ತುಕೊಂಡಳು. "ಕೊಡು, ನಾನೇ ಓದ್ತೀನಿ."

ಸೀಟಿನ ಮೇಲೆ ಕಾಲು ಮಡಚಿ, ಅವನಿಗೆ ಎದುರಾಗಿ ಕೂತು ಓದಿದಳು. ಉಪ್ಪು ಹೊತ್ತ ಹಡಗು, ನಾವಿಕ, ಅವನ ಹೆಂಡತಿ, ಒಳನುಗ್ಗುವ ನೀರು. ಪ್ರತಿ ಮಾತಿಗೂ ಹಾಳೆಯಿಂದ ಮುಖವೆತ್ತಿ ಅವನಿಗೆ ತೋರಿಸಬೇಕಿತ್ತು. ಅವನು ಒಂದು ಕ್ಷಣವೂ ಕಣ್ಣು ಕೀಳಲಿಲ್ಲ. ಬರೀ ಪದಕ್ಕಾಗಿ, ಎಂದು ಅವಳು ತನಗೆ ತಾನೇ ಹೇಳಿಕೊಂಡಳು. ಪದ ಮುಗಿದ ಮೇಲೂ ಅವನ ನೋಟ ಅಲ್ಲೇ ಇರುತ್ತಿತ್ತು. ಅದಕ್ಕೆ ಏನು ಹೇಳಿಕೊಳ್ಳಬೇಕೆಂದು ತಿಳಿಯಲಿಲ್ಲ.

ಲಾಸ್ ಫ್ಲೋರೆಸ್ ಊರು ದಾಟುವಾಗ ಜೂನಿನ ಸೂರ್ಯ ಬಯಲಿನ ಅಂಚಿಗೆ ತಾಗಿದ್ದ. ದನಗಳು ಕಪ್ಪು ಚುಕ್ಕಿಗಳಾದವು. ಇನ್ನು ಹತ್ತು ನಿಮಿಷ, ಹೆಚ್ಚೆಂದರೆ. ಆಮೇಲೆ ಅವಳ ಮುಖ ಅವನಿಗೆ ಕಾಣದು. ಅಸೂಲ್‌ನಲ್ಲಿ ಇಳಿದರೆ ಮತ್ತೆ ಸಭೆ, ಅನ್ಸೆಲ್ಮೊ, ಹೀಟರು, ಬೇರೆಯವರ ಕಣ್ಣು.

"'ಹಗ್ಗ ಬಿಗಿ ಹಿಡಿ, ನೀರು ಬರ್ತಿದೆ,'" ಎಂದು ಓದಿದಳು. ಹಾಳೆ ತೊಡೆಯ ಮೇಲೆ ಬಿತ್ತು. "'ಎವಾರಿಸ್ತೊ, ನಂಗೆ ನೀನಂದ್ರೆ ತುಂಬಾ ಇಷ್ಟ. ಮೂರು ವರ್ಷದಿಂದ.'"

ಅವನ ಹುಬ್ಬು ಗಂಟಿಕ್ಕಿತು. "ಹಡಗಿನಲ್ಲಿ ಎವಾರಿಸ್ತೊ ಅಂತ ಯಾರೂ ಇರ್ಲಿಲ್ವಲ್ಲ."

ಬೆಳಕು ಹೋಗಿಯೇಬಿಟ್ಟಿತ್ತು. ಇಂಜಿನ್ನು ಗುಂಯ್‌ಗುಡುತ್ತಿತ್ತು. ಅವನು ಜೇಬಿನಲ್ಲಿ ಏನನ್ನೋ ತಡಕಾಡಿದ. ಮರುಕ್ಷಣ ಫೋನಿನ ಟಾರ್ಚು ನೇರ ಅವಳ ಮುಖಕ್ಕೆ ಹೊಡೆಯಿತು.

"ಆರಿಸು, ಮಾರಾಯ! ಎಲ್ಲರೂ ನೋಡ್ತಿದಾರೆ."

"ಇನ್ನೊಂದ್ಸಲ ಹೇಳು."

"ಗೊತ್ತಾಯ್ತಲ್ಲ ನಿಂಗೆ!"

"ಗೊತ್ತಾಯ್ತು. ಇನ್ನೊಂದ್ಸಲ ನೋಡ್ಬೇಕು."

ಹಿಂದಿನ ಸೀಟಿನಲ್ಲಿ ಹೆಣಿಗೆ ಹಿಡಿದಿದ್ದ ಹೆಂಗಸು, "ಹೇಳಮ್ಮ ತಾಯಿ, ಆ ಟಾರ್ಚು ನನ್ನ ಕಣ್ಣಿಗೂ ಹೊಡೀತಿದೆ," ಎಂದಳು.

ಸೆಲೀನಾ ಕಣ್ಣು ಕಿರಿದಾಗಿಸಿ, ಬೆಳಕಿನತ್ತ ಮುಖವೊಡ್ಡಿ, ಒಂದೊಂದೇ ಪದವಾಗಿ ಮತ್ತೆ ಹೇಳಿದಳು. ಎರಡನೆಯ ಸಲ ಹೇಳುವುದು ಮೊದಲನೆಯದಕ್ಕಿಂತ ಕಷ್ಟವಾಗಿತ್ತು.

ಟಾರ್ಚು ಆರಿತು. ಕತ್ತಲಲ್ಲಿ ಅವನ ಕೈ ಅವಳ ಕೆನ್ನೆಯನ್ನು ಹುಡುಕಿಕೊಂಡು ಬಂತು. ಅವನು ಅವಳ ಕಿವಿಯ ಹತ್ತಿರ ಬಗ್ಗಿ, "ನಂಗೂ ಸೆಲೀನಾ, ಮೊದಲನೇ ದಿನದಿಂದ," ಎಂದ.

ಅಷ್ಟು ಮುಂದಿದ್ದ ಡ್ರೈವರೂ ಕನ್ನಡಿಯಲ್ಲಿ ನೋಡಿದ. ಹೆಣಿಗೆಯ ಹೆಂಗಸು ಚಪ್ಪಾಳೆ ತಟ್ಟಿದಳು, ಹಿಂದಿನಿಂದ ಯಾರೋ ಸಿಳ್ಳೆ ಹಾಕಿದರು. ಸೆಲೀನಾ ನಗುತ್ತ, ಅಳುತ್ತ, ಎರಡೂ ಕೈಯಿಂದ ಅವನ ಬಾಯಿ ಮುಚ್ಚಿದಳು.

ಅವನಿಗೇನೂ ಅರ್ಥವಾಗಲಿಲ್ಲ. ತಾನು ಪಿಸುಗುಟ್ಟಿದೆ ಎಂದೇ ಅಂದುಕೊಂಡಿದ್ದ.