ನರಸೇತುವಿನ ಅವಸರ

ಮಹಾಂತೇಶ ಹಡಪದನ ಬಲಗೈ ಗಿರಾಕಿಯ ಗದ್ದದ ಕೆಳಗೆ ಕತ್ತಿ ಆಡಿಸುತ್ತಿತ್ತು. ಎರಡು ವರ್ಷದ ಹಿಂದೆ ಅದೇ ಕೈ ಹೆಗಲಿನಿಂದ ಜೋತುಬಿದ್ದಿತ್ತು. ಧಾರವಾಡದ ಬೈಪಾಸಿನಲ್ಲಿ ಲಾರಿ ಬಡಿದು ನರಗಳು ಹರಿದುಹೋಗಿದ್ದವು. ಅದಕ್ಕೆ ಮತ್ತೆ ಜೀವ ಕೊಟ್ಟದ್ದು ಡಾ. ವೈಜಯಂತಿ ಕುಂದರಗಿ ಕಂಡುಹಿಡಿದ ನರಸೇತು.

ನರಕೋಶದೊಳಗೆ ಸೋಡಿಯಂ ಕಣಗಳು ನುಗ್ಗಿದಾಗ ಏಳುವ ಸಣ್ಣ ವಿದ್ಯುತ್ ಅಲೆಯೇ ಸಂಕೇತ. ಕೋಶದ ತುದಿಯಲ್ಲಿ ಅದು ರಾಸಾಯನಿಕದ ರೂಪದಲ್ಲಿ ಸಂದು ದಾಟಿ, ಮುಂದಿನ ಕೋಶದಲ್ಲಿ ಮತ್ತೆ ಅಲೆಯಾಗುತ್ತದೆ. ಮಿದುಳಿನ ಮೇಲೆ ಕೂರಿಸಿದ ನರಸೇತುವಿನ ಉಗುರಗಲದ ಪೊರೆ ಈ ಅಲೆಗಳನ್ನು ಓದಿ, ಹರಿದ ದಾರಿಯನ್ನು ಬಿಟ್ಟು, ನೇರವಾಗಿ ತೋಳಿನ ಸ್ನಾಯುಗಳಿಗೆ ಮುಟ್ಟಿಸುತ್ತಿತ್ತು. ಅದೂ ಸಹಜ ನರಕ್ಕಿಂತ ಬೇಗ. ಆ ವೇಗವೇ ವೈಜಯಂತಿಯ ಹೆಮ್ಮೆ.

"ನನ್ನ ಗುರುತು ಸಿಗಲಿಲ್ಲೇನ್ರಿ?" ಕಣ್ಣು ಮುಚ್ಚಿಕೊಂಡೇ ಗಿರಾಕಿ ಕೇಳಿದ. "ಆ ಲಾರಿ ಹೊಡಿತಿದ್ದಾಂವ ನಾನರೀ. ತಪ್ಪಾತು ಅಂತ ಹೇಳಾಕ ಬಂದೀನಿ. ಎರಡು ಸಲ ಬಾಗಿಲತನಕ ಬಂದು ಹೊಳ್ಳಿ ಹೋದೆ."

ಒತ್ತಿಬಿಡು ಎಂದಿತು ಮನಸ್ಸು. ಛೇ, ಬೇಡ ಎಂದೂ ಅದೇ ಮನಸ್ಸು ಹೇಳಿತು. ಆದರೆ ಅಷ್ಟರಲ್ಲಿ ಕೈ ಒತ್ತಿತ್ತು. ಮಹಾಂತೇಶ ಎಡಗೈಯಿಂದ ತನ್ನದೇ ಮಣಿಕಟ್ಟನ್ನು ಹಿಡಿದೆಳೆದ. ಕತ್ತಿ ನೆಲಕ್ಕೆ ಬಿತ್ತು. ಗಿರಾಕಿಯ ಕೊರಳ ಮೇಲೆ ಕೆಂಪು ಗೆರೆಯೊಂದು ಮೂಡಿತು.

"ಇರಲಿ ಬಿಡ್ರಿ, ಕೈ ಜಾರಿರಬೇಕು," ಎಂದ ಆತ, ಟವೆಲ್ ಒತ್ತಿಕೊಳ್ಳುತ್ತ.

ಕೈ ಜಾರಿರಲಿಲ್ಲ. ಮಹಾಂತೇಶ ಅಂಗಡಿಯ ಬಾಗಿಲೆಳೆದು ನೇರ ವೈಜಯಂತಿಯ ಪ್ರಯೋಗಾಲಯಕ್ಕೆ ಬಂದ.

"ಮೇಡಂ, ಇದನ್ನ ತಗದುಬಿಡ್ರಿ. ಮನಿಗೆ ಹೋಗಾಕ ಅಂಜಿಕಿ ಆಗೇತಿ. ಮಗಳು ಹಟಾ ಮಾಡಿದ್ರ ಇದು ಏನು ಮಾಡ್ತೈತೋ!"

ವೈಜಯಂತಿ ಪೊರೆಯ ದಾಖಲೆಯನ್ನು ಪರದೆಗೆ ತಂದಳು.

"ಕೈ ಎತ್ತೂದಕ್ಕ ಮೊದಲು ಕೋಶಗಳು ತಯಾರಾಗ್ತಾವ," ಎಂದಳು ಮೆಲ್ಲಗೆ. "ಅದ್ರಾಗ ಎಷ್ಟೋ ತಯಾರಿಯನ್ನ ಬ್ಯಾರೆ ಕೋಶಗಳು ತಡದು ನಿಲ್ಲಸ್ತಾವ. ನನ್ನ ಯಂತ್ರ ಆ ತಡೆ ಬರೂತನಕಾ ಕಾಯೂದಿಲ್ಲ, ಮಹಾಂತೇಶ. ತಪ್ಪು ನಿಂದಲ್ಲ."

"ಹಂಗಾರ ಕಾಯೂಹಂಗ ಮಾಡ್ರಿ."

"ಕೈ ನಿಧಾನ ಆಗ್ತೈತಿ. ಕತ್ತಿ ಹಿಡಿಯೂದು ಕಷ್ಟ."

"ಆಗಲಿ ಬಿಡ್ರಿ. ಆದ್ರ ಅದು ನನ್ನ ಕೈ ಆಗಿರ್ತೈತಿ."

ಆಕೆ ಸೆಕೆಂಡಿನ ಐದನೇ ಒಂದು ಭಾಗದಷ್ಟು ವಿಳಂಬ ಸೇರಿಸಿದಳು. ಮಹಾಂತೇಶ ಕ್ಷೌರದ ಕತ್ತಿ ಬಿಟ್ಟು ತಲೆಗೂದಲ ಕೆಲಸವನ್ನಷ್ಟೇ ಇಟ್ಟುಕೊಂಡ.

ಸೇತು ಹಾಕಿಸಿಕೊಂಡಿದ್ದ ಉಳಿದ ಏಳುನೂರು ಮಂದಿಗೂ, ಬಂದು ವಿಳಂಬ ಸೇರಿಸಿಕೊಳ್ಳಿ ಎಂದು ವೈಜಯಂತಿ ಪತ್ರ ಬರೆದಳು. ಹೆಚ್ಚಿನವರು ಮರುದಿನವೇ ಓಡಿಬಂದರು. ನಾಲ್ವರು ಒಪ್ಪಲಿಲ್ಲ. ಅವರಲ್ಲೊಬ್ಬ ಬರೆದಿದ್ದ: "ಈ ವೇಗದಿಂದಲೇ ನನಗೆ ಕೆಲಸ ಸಿಕ್ಕಿದೆ. ಕೆಲಸ ಕೊಟ್ಟವರಿಗೆ ಯೋಚಿಸುವವರು ಬೇಕಿಲ್ಲ."

ಕೆಲಸ ಯಾವುದೆಂದು ಅವನು ತಿಳಿಸಿರಲಿಲ್ಲ. ವೈಜಯಂತಿ ಸಿಟ್ಟಿನಿಂದ ಫೋನಿನಲ್ಲಿ ನಾಲ್ಕು ಕಟುವಾದ ಸಾಲು ಬರೆದು, ಕಳುಹಿಸಲು ಬೆರಳು ಎತ್ತಿದಳು. ಬೆರಳು ಗಾಜನ್ನು ಮುಟ್ಟುವ ಮೊದಲೇ ನಿಂತಿತು. ಯಾವ ಯಂತ್ರವೂ ಇಲ್ಲದ ಬೆರಳು ಅದು. ಆಕೆ ಆ ಸಾಲುಗಳನ್ನು ಅಳಿಸಿ, ಅವನ ಊರಿಗೆ ಹೋಗುವ ರೈಲು ಎಷ್ಟು ಹೊತ್ತಿಗಿದೆ ಎಂದು ನೋಡತೊಡಗಿದಳು.