ರಿವಾಲ್ವರಿನಲ್ಲಿ ಸಿಕ್ಕ ಕಾಗದದ ಸುರುಳಿ

ಬಂದೂಕು ಪರವಾನಗಿ ಕೊಡುತ್ತಿದ್ದ ನಿವೃತ್ತ ಅಧಿಕಾರಿ ತಮ್ಮ ಓದುವ ಕೋಣೆಯಲ್ಲಿ ಬೋರಲು ಬಿದ್ದಿದ್ದರು. ಭುಜದ ಕೆಳಗೆ ಗುಂಡು ಹೊಕ್ಕಿತ್ತು. ಉಸಿರಿತ್ತು, ಪ್ರಜ್ಞೆಯಿರಲಿಲ್ಲ. ಆಂಬುಲೆನ್ಸ್ ಹೋದ ಮೇಲೆ ಇನ್‌ಸ್ಪೆಕ್ಟರಮ್ಮ ಮೇಜಿನ ಮುಂದೆ ನಿಂತರು.

ರಿವಾಲ್ವರ್ ಅಲ್ಲೇ ಇತ್ತು, ಬಾಯಿ ಗೋಡೆಯ ಕಡೆಗೆ. ಗುಂಡು ತುಂಬುವ ಚಕ್ರ ಹೊರಗೆ ಬಂದಿತ್ತು. ಅದು ಮತ್ತೆ ಮುಚ್ಚದಂತೆ ಸಂದಿನಲ್ಲಿ ಯಾರೋ ಕಾಗದದ ಸುರುಳಿ ತುರುಕಿದ್ದರು. ಉಳಿದ ಗುಂಡುಗಳು ಪಕ್ಕದಲ್ಲಿ ಸಾಲಾಗಿ ನಿಂತಿದ್ದವು. ಬಂದೂಕಿನ ಮೇಲಾಗಲಿ ಗುಂಡುಗಳ ಮೇಲಾಗಲಿ ಒಂದು ಬೆರಳಚ್ಚೂ ಉಳಿದಿರಲಿಲ್ಲ.

ಬಂದೂಕು ಮನೆಯ ಅಳಿಯನದು. ಮನೆಯಲ್ಲಿಟ್ಟುಕೊಳ್ಳಲು ತರಬೇತಿ ಬೇಡ, ಫೋನಿಗೆ ಬರುವ ಸರ್ಟಿಫಿಕೇಟೇ ಸಾಕು ಎಂಬ ಸುದ್ದಿ ಊರೆಲ್ಲ ಹಬ್ಬಿತ್ತು. ಅಳಿಯನೂ ನಂಬಿ, ದುಡ್ಡು ಕೊಟ್ಟು ಸರ್ಟಿಫಿಕೇಟ್ ತರಿಸಿಕೊಂಡು ಟೋಪಿ ಹಾಕಿಸಿಕೊಂಡಿದ್ದ. ಬೆಳಿಗ್ಗೆ ಮಾವ ಬಂದೂಕು ಕಸಿದುಕೊಂಡು, ಠಾಣೆಗೆ ಒಪ್ಪಿಸುತ್ತೇನೆ, ಈ ಸುಳ್ಳು ಹಬ್ಬಿಸಿದವರ ಬಣ್ಣ ಬಯಲು ಮಾಡುತ್ತೇನೆ ಎಂದಿದ್ದರು. ಅಳಿಯ ಕೂಗಾಡಿ ಹೊರಟುಹೋಗಿದ್ದ. ಆಮೇಲೆ ಎಲ್ಲಿದ್ದೆ ಎಂದರೆ, ಬೀದಿ ಸುತ್ತುತ್ತಿದ್ದೆ ಎಂದ. ಕಂಡವರು ಯಾರೂ ಇರಲಿಲ್ಲ.

"ಕೇಸು ಮುಗೀತು ಮೇಡಂ" ಎಂದರು ಹೆಡ್ ಕಾನ್‌ಸ್ಟೆಬಲ್.

ಬಾಗಿಲಲ್ಲಿ ನಿಂತಿದ್ದ ಮಗಳು ಸೆರಗು ಬಾಯಿಗೊತ್ತಿಕೊಂಡಳು. ಅಪ್ಪ ಆಸ್ಪತ್ರೆಯಲ್ಲಿ, ಗಂಡ ಜೈಲಿನ ಹೊಸ್ತಿಲಲ್ಲಿ. ಇನ್‌ಸ್ಪೆಕ್ಟರಮ್ಮ ಮತ್ತೊಮ್ಮೆ ಆ ಕಾಗದದ ಸುರುಳಿಯತ್ತ ನೋಡಿದರು.

* * *

ಠಾಣೆಯಲ್ಲಿ ಅವರು ಅಳಿಯನ ಕೈಗೆ ಠಾಣೆಯದೇ ಒಂದು ಖಾಲಿ ರಿವಾಲ್ವರ್ ಕೊಟ್ಟು, ಚಕ್ರ ತೆಗೆದು ತೋರಿಸು ಎಂದರು. ಅವನ ಬೆರಳು ನೆಟ್ಟಗೆ ಟ್ರಿಗರಿನ ಮೇಲೆ ಕೂತಿತು. ಬಂದೂಕಿನ ಬಾಯಿ ಹೆಡ್ ಕಾನ್‌ಸ್ಟೆಬಲ್ಲರ ಹೊಟ್ಟೆಯತ್ತ ತಿರುಗಿತು. ಖಾಲಿ ಎಂದು ಗೊತ್ತಿದ್ದರೂ ಆ ದಢೂತಿ ಮನುಷ್ಯ ಬೀರುವಿನ ಹಿಂದೆ ಹಾರಿದ ವೇಗ ನೋಡುವಂತಿತ್ತು. ಅಳಿಯ ಹಿಂದೆಮುಂದೆ ತಿರುಗಿಸಿ ತಡಕಾಡಿದ. ಚಕ್ರ ತೆರೆಯಲೇ ಇಲ್ಲ.

"ಸರ್ಟಿಫಿಕೇಟ್ ಕೊಟ್ಟೋರು ಯಾರಪ್ಪ?" ಎಂದು ಇನ್‌ಸ್ಪೆಕ್ಟರಮ್ಮ ಮೆಲ್ಲಗೆ ಕೇಳಿದರು.

* * *

ಆ ಸರ್ಟಿಫಿಕೇಟ್ ಕಳಿಸಿದ್ದ ಬಂದೂಕು ತರಬೇತಿ ಕೇಂದ್ರದ ಯಜಮಾನನನ್ನು ಎಲ್ಲರೂ ಗುರಿ ಮೇಷ್ಟ್ರು ಎನ್ನುತ್ತಿದ್ದರು. ಆ ಮನೆಯ ಹೊಸ್ತಿಲನ್ನೇ ತುಳಿದಿಲ್ಲ ಎಂದು ಮೇಷ್ಟ್ರು ಹೇಳಿದರು. ಇನ್‌ಸ್ಪೆಕ್ಟರಮ್ಮ ಅದೇ ಖಾಲಿ ರಿವಾಲ್ವರ್ ಚಾಚಿದರು, ಇದು ಯಾವ ಕಾಲದ್ದು ಎಂದು ಕೇಳುವ ನೆಪದಲ್ಲಿ. ಮೇಷ್ಟ್ರು ಮಾತಾಡುತ್ತಲೇ ಬಾಯಿಯನ್ನು ಗೋಡೆಗೆ ತಿರುಗಿಸಿದರು, ಚಕ್ರ ತೆರೆದು ನೋಡಿದರು, ಮೇಜಿನ ಮೇಲಿದ್ದ ಕಾಗದ ಹರಿದು ಸುರುಳಿ ಸುತ್ತಿ ಸಂದಿಗೆ ತುರುಕಿದರು.

"ಈ ಕಾಗದ ಎಲ್ಲರೂ ಇಡ್ತಾರಾ?"

"ಎಲ್ಲಿ ಇಡ್ತಾರೆ? ಇದು ನಾನೇ ಕಂಡುಹಿಡಿದದ್ದು ಮೇಡಂ" ಎಂದು ಮೇಷ್ಟ್ರು ಎದೆಯುಬ್ಬಿಸಿದರು.

ಇನ್‌ಸ್ಪೆಕ್ಟರಮ್ಮ ಆ ಸುರುಳಿಯನ್ನು ಜೋಪಾನವಾಗಿ ತಂದರು. ಸಂಜೆಯೊಳಗೆ ಎರಡೂ ಸುರುಳಿಗಳ ಬೆರಳಚ್ಚುಗಳು ತಾಳೆಯಾದವು.

* * *

"ನಿಮ್ಮ ಸುಳ್ಳು ಸರ್ಟಿಫಿಕೇಟಿನ ದಂಧೆ ಬಯಲಾಗದಂತೆ ಅವರ ಬಾಯಿ ಮುಚ್ಚಿಸೋಕೆ ಹೋದಿರಿ, ಅವರು ಬಗ್ಗಲಿಲ್ಲ. ಮೇಜಿನ ಮೇಲಿದ್ದ ಬಂದೂಕು ಎತ್ತಿಕೊಂಡಿರಿ" ಎಂದರು ಇನ್‌ಸ್ಪೆಕ್ಟರಮ್ಮ, ಮೇಷ್ಟ್ರಿಗೆ ಕೋಳ ಹಾಕಿಸುತ್ತ. "ಹೊಡೆದಾದ ಮೇಲೆ ಬಂದೂಕು, ಗುಂಡು ಎಲ್ಲ ಒರೆಸಿದಿರಿ, ಕಾಗದ ಮಾತ್ರ ಬಿಟ್ಟಿರಿ. ಅಷ್ಟು ವರ್ಷದ ಅಭ್ಯಾಸ ನೋಡಿ, ಕೈ ತನ್ನ ಪಾಡಿಗೆ ಅದನ್ನ ಸುತ್ತಿ ತುರುಕಿಬಿಟ್ಟಿತ್ತು. ಆ ಹುಡುಗನಿಗೆ ನೀವು ನಿಜವಾಗ್ಲೂ ಪಾಠ ಹೇಳಿಕೊಟ್ಟಿದ್ರೆ ನಾನು ಅವನನ್ನೇ ಹಿಡೀತಿದ್ದೆ."



ಮರುದಿನ ಆಸ್ಪತ್ರೆಯಲ್ಲಿ ಮಾವ ಕಣ್ಣು ಬಿಟ್ಟರು. ಪರವಾನಗಿಯಿಲ್ಲದ ಬಂದೂಕಿನ ಕೇಸು ಅಳಿಯನ ತಲೆಯ ಮೇಲೆ ಉಳಿದಿತ್ತು, ಆದರೆ ಕೊಲೆಯತ್ನದ ಕಳಂಕ ತೊಳೆದುಹೋಗಿತ್ತು. ಮಗಳು ಅಳುತ್ತ ನಗುತ್ತಿದ್ದಳು.

ಮಾವ, ಫೋನ್ ಹಿಡಿ, ವಿಡಿಯೋ ಮಾಡು ಎಂದರು. ಅಳಿಯ ಹಿಡಿದ. ಹಾಸಿಗೆಯಲ್ಲೇ ಒರಗಿಕೊಂಡು ಅವರು ಊರಿಗೆಲ್ಲ ಕೇಳುವಂತೆ ಹೇಳಿದರು: "ತರಬೇತಿ ಇಲ್ಲದೆ ಪರವಾನಗಿ ಇಲ್ಲ. ಮನೇಲಿಟ್ಟುಕೊಂಡರೂ ಅಷ್ಟೇ. ನಂಬದಿದ್ದೋರು ಈ ಕ್ಯಾಮೆರಾ ಹಿಡಿದಿರೋ ನನ್ನ ಅಳಿಯನ್ನ ಕೇಳಿ."

ಸುಳ್ಳು ಸುದ್ದಿ ಓಡಿದ ಫೋನುಗಳಲ್ಲೆಲ್ಲ ಅಂದು ಸಂಜೆಯೊಳಗೆ ಆ ಮುದುಕರ ದನಿ ಕೇಳಿಸಿತು.